ಬ್ಯಾಟರಿ ಕೈಯಾಗಿರಲಿ, ಬಂದೂಕಿನ ಮೂತಿಗೆ ಬ್ಯಾಡ!

ಬಂದೂಕು ಐತಿ, ಕಾಡತೂಸು ಐತಿ, ಲೈಸೆನ್ಸೂ ಐತಿ. ಆದರೆ ನಡುರಾತ್ರಿ ಹಿತ್ತಲ ಕತ್ತಲಲ್ಲಿ ನಿಂತವನು ಯಾರು ಎಂದು ತೋರಿಸುವ ಬೆಳಕು ಐತೇನು?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮನೆ ಕಾಯಲೆಂದೋ ಬೆಳೆ ಕಾಯಲೆಂದೋ ಬಂದೂಕು ಇಟ್ಟುಕೊಂಡವರೆಲ್ಲ ಮೊದಲು ಉತ್ತರ ಕೊಡಬೇಕಾದ ಪ್ರಶ್ನೆ ಇದು. ಬಂದೂಕು ಇಲ್ಲದವರಿಗೂ ಇದು ಸಂಬಂಧಪಟ್ಟದ್ದೇ. ಯಾಕೆಂದರೆ ಕಡೇ ಬಸ್ಸಿಗೆ ಇಳಿದು, ನಿದ್ದೆಗಣ್ಣಲ್ಲಿ ಓಣಿ ಹಿಡಿದು ಮನೆಗೆ ನಡೆಯುವವರು ಅವರೇ. ಬೆಳಕಿನ ಈಚೆ ಬಂದೂಕು ಹಿಡಿದವನಿರುತ್ತಾನೆ. ಆಚೆ ನಿಂತವರು ನೀವೂ ಆಗಬಹುದು, ನಿಮ್ಮ ಮಗನೂ ಆಗಬಹುದು.

ಈಗ ಪೇಟೆಯಲ್ಲಿ ತರಹೇವಾರಿ ಬ್ಯಾಟರಿಗಳು ಬಂದಿವೆ. ಮೂರು ಸೆಲ್ಲಿನ ಹಳೆಯ ಎವೆರೆಡಿ ಕಾಲ ಹೋಯಿತು. ಚಾರ್ಜಿಂಗ್ ಬ್ಯಾಟರಿ, ತಲೆಗೆ ಕಟ್ಟುವ ಬ್ಯಾಟರಿ, ಬೆರಳುದ್ದದ ಎಲ್‌ಇಡಿ ಬ್ಯಾಟರಿ ಎಲ್ಲ ಸಿಗುತ್ತವೆ. ಮೊಬೈಲಿನ ವಿಡಿಯೋಗಳಲ್ಲಂತೂ ಪರದೇಶದ ಜನ ಬಂದೂಕಿನ ಮೂತಿಗೇ ಬ್ಯಾಟರಿ ಕೂಡಿಸಿಕೊಂಡು ಕೋಣೆ ಕೋಣೆ ಹುಡುಕುವುದನ್ನು ನೋಡಬಹುದು. ನೋಡಿದವರಿಗೆ 'ನಮ್ಮ ಬಂದೂಕಿಗೂ ಒಂದು ಕಟ್ಟಿದರ ಮುಗೀತಲ್ಲ!' ಅನ್ನಿಸುವುದು ಸಹಜ. ಅಲ್ಲೇ ಇರುವುದು ಅಪಾಯ.

ನಾಲ್ಕು ತಾಲೂಕು, ನಾಲ್ಕು ನಮೂನೆ ರಾತ್ರಿ

ಕತ್ತಲು ಎಲ್ಲ ಕಡೆ ಒಂದೇ ಆದರೂ ಅದರೊಳಗಿನ ಭಯ ಒಂದೇ ಅಲ್ಲ.

ಹಾನಗಲ್ಲ ಅರೆ ಮಲೆನಾಡು. ಪಶ್ಚಿಮಕ್ಕೆ ಮುಂಡಗೋಡ, ಶಿರಸಿಯ ಕಾಡು. ಇತ್ತ ಭತ್ತದ ಗದ್ದೆ, ಮಾವಿನ ತೋಪು. ಅಲ್ಲಿಯ ರೈತನ ನಿದ್ದೆ ಕೆಡಿಸುವುದು ಕಾಡುಹಂದಿ. ಹಿರೇಕೆರೂರಿನ ಕಡೆ ಗೋವಿನಜೋಳ ತೆನೆ ಕಟ್ಟಿದರೆ ಸಾಕು, ರಾತ್ರಿ ಹೊಲದಲ್ಲಿ ಮಲಗುವ ಪಾಳಿ ಶುರು. ಶಿಗ್ಗಾಂವಿ ಹೆದ್ದಾರಿಯ ಊರು. ಪುಣೆ-ಬೆಂಗಳೂರು ರಸ್ತೆಯಲ್ಲಿ ರಾತ್ರಿಯಿಡೀ ಗಾಡಿಗಳ ಸಪ್ಪಳ. ಬಂದವನು ಯಾರು, ಹೋದವನು ಯಾರು ತಿಳಿಯದು. ಸವಣೂರಿನಲ್ಲಿ ಎಲೆಬಳ್ಳಿ ತೋಟದವರಿಗೆ ತೋಟದ ಚಿಂತೆ, ಪೇಟೆಯವರಿಗೆ ಗಲ್ಲಾಪೆಟ್ಟಿಗೆಯ ಚಿಂತೆ.

ಇದರ ಮೇಲೆ ಕರೆಂಟಿನ ಆಟ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಎದ್ದು ನೀರು ಹಾಯಿಸಲು ಹೋಗಬೇಕು. ಅಂದರೆ ನಿಮ್ಮ ಬದುವಿನ ಮೇಲೆ ನಡುರಾತ್ರಿ ನಡೆಯುವವನು ಕಳ್ಳನೇ ಆಗಬೇಕಿಲ್ಲ. ಬಾಜೂ ಹೊಲದ ಕಾಕಾ ಮೋಟರು ಚಾಲೂ ಮಾಡಲು ಹೊರಟಿರಬಹುದು. ಹಿತ್ತಲ ಬಾಗಿಲ ಅಗಳಿ ಸಪ್ಪಳ ಮಾಡಿದವನು ಹುಬ್ಬಳ್ಳಿಯಿಂದ ತಡವಾಗಿ ಬಂದ ಮಗ ಆಗಿರಬಹುದು. ಬಯಲಕಡೆಗೆ ಎದ್ದ ಮುದುಕಿ ಆಗಿರಬಹುದು. ಆಕಳಿನ ಕೊರಳ ಹಗ್ಗ ಬಿಚ್ಚಿ ಹೋಗಿರಬಹುದು.

ಮನೆಯ ಸುತ್ತ ಕೇಳುವ ಸಪ್ಪಳ ಲೆಕ್ಕ ಹಾಕಿ ನೋಡಿ. ನೂರು ಸಲ ಸಪ್ಪಳಾದರೆ ಬಹುತೇಕ ಎಲ್ಲ ಸಲವೂ ಅದು ನಮ್ಮವರದೇ, ಇಲ್ಲವೇ ದನ, ನಾಯಿ, ಬೆಕ್ಕಿನದು. ಆ ಒಂದು ಸಲದ ಕಳ್ಳನಿಗಾಗಿ ಎತ್ತಿದ ಬಂದೂಕು ಉಳಿದ ಅಷ್ಟೂ ಸಲ ನಮ್ಮವರ ಕಡೆಗೇ ತಿರುಗಿರುತ್ತದೆ. ಅದಕ್ಕೇ ಬೆಳಕಿನ ಮಾತು ಮೊದಲು, ಬಂದೂಕಿನ ಮಾತು ಆಮೇಲೆ.

ಬಂದೂಕು ಯಾರ ಮನೆಯಾಗ?

ನಮ್ಮ ಭಾಗದ ಜನಕ್ಕೆ ಆಯುಧದ ಮೇಲೆ ಅಭಿಮಾನ ಹೊಸದಲ್ಲ. 1857ರಲ್ಲಿ ಇಂಗ್ರೇಜಿ ಸರಕಾರ ಆಯುಧ ಒಪ್ಪಿಸಿರಿ ಎಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು 'ಒಲ್ಲೆವು' ಎಂದು ಎದುರು ನಿಂತರು, ಜೀವ ಕೊಟ್ಟರು. ಕೊಡಗಿನಲ್ಲಿ ಇವತ್ತಿಗೂ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರವರೆಗೆ, ಮುಂದುವರಿಸಿದೆ.

ಹಾವೇರಿ ಜಿಲ್ಲೆಯವರಿಗೆ ಆ ವಿನಾಯಿತಿ ಇಲ್ಲ. ಇಲ್ಲಿ 1959ರ ಆಯುಧ ಕಾಯಿದೆಯೇ ಗತಿ. ಡಿಸಿ ಸಾಹೇಬರ ಕಚೇರಿಗೆ ಅರ್ಜಿ, ಪೊಲೀಸ್ ವಿಚಾರಣೆ, ಆಮೇಲೆ ಲೈಸೆನ್ಸು. ಆತ್ಮರಕ್ಷಣೆಗೆ ಎಂದರೆ ಕನಿಷ್ಠ 20 ಅಂಗುಲ ನಳಿಗೆಯ ಸಾದಾ ಬಂದೂಕು, ಬೆಳೆ ರಕ್ಷಣೆಗೆ ಎಂದರೆ ಮೂತಿಯಿಂದ ಮದ್ದು ತುಂಬುವ ಬಂದೂಕು ಎಂದು ಕಾಯಿದೆಯೇ ಬಗೆ ಮಾಡಿ ಹೇಳುತ್ತದೆ. 2019ರ ತಿದ್ದುಪಡಿ ಬಂದ ಮೇಲೆ ಸಾಮಾನ್ಯವಾಗಿ ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷ ಆಗಿದೆ.

ಇನ್ನೊಂದು ಮಾತು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡುವವರು ಬಂದೂಕು ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಹಿಡಿಯುವುದು, ಒಯ್ಯುವುದು, ಇಡುವುದು, ಹಾರಿಸುವುದು ಎಲ್ಲ ಅದರಲ್ಲಿ ಬರುತ್ತದೆ. ಆದರೆ ಅಪ್ಪನ ಕಾಲದಿಂದ ಗೋಡೆಗೆ ತೂಗಿಕೊಂಡು ಬಂದ ಬಂದೂಕಿಗೆ ತರಬೇತಿ ಕೊಟ್ಟವರಾರು? ಅಪ್ಪ ಹಿಡಿದಂಗ ಮಗ ಹಿಡಿದ, ಅಷ್ಟೇ.

ಇಲ್ಲಿನ ಲೈಸೆನ್ಸುದಾರರ ಮನೆಯಲ್ಲಿ ಹೆಚ್ಚಾಗಿ ಕಾಣುವುದು 12 ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆ ಬಂದೂಕು. 12 ಬೋರ್ ಎಂದರೇನು ಎಂದು ಕೇಳಿದರೆ ಬಂದೂಕಿದ್ದವರೂ ತಲೆ ಕೆರೆದುಕೊಳ್ಳುತ್ತಾರೆ. ಲೆಕ್ಕ ಅಂಗಡಿಕಾರರಿಗೆ ತಿಳಿಯುವಂಥದ್ದೇ: ಒಂದು ಪೌಂಡ್ ಸೀಸವನ್ನು ಸಮನಾಗಿ 12 ಗುಂಡು ಮಾಡಿದರೆ ಒಂದೊಂದು ಗುಂಡು ಎಷ್ಟು ಗಾತ್ರವೋ ನಳಿಗೆಯ ಬಾಯಿ ಅಷ್ಟು ಅಗಲ. ಅದಕ್ಕೆ ಛರ್ರೆ ತುಂಬಿದ ಕಾಡತೂಸು ಹಾಕುತ್ತಾರೆ. ಛರ್ರೆ ದೂರ ಹೋದಂತೆ ಹರಡುತ್ತದೆ. ಆದರೆ ಮನೆಯೊಳಗೆ ನಾಲ್ಕೈದು ಗಜದಲ್ಲಿ ಅದು ಹರಡುವುದೇ ಇಲ್ಲ ಅನ್ನಬಹುದು, ಒಂದೇ ಮುದ್ದೆಯಾಗಿ ಹೊಡೆಯುತ್ತದೆ. ಹಲಗೆ ಬಾಗಿಲು, ತಗಡಿನ ಬಾಗಿಲು ಅದನ್ನು ತಡೆಯುತ್ತವೆ ಎಂದು ನಂಬಿ ಕೂಡುವಂತಿಲ್ಲ. ಬಾಗಿಲ ಆಚೆ ಮಲಗಿದವರ ನೆನಪು ಇರಬೇಕು.

ಮೂತಿಗೆ ಕಟ್ಟಿದರೆ ಏನಾಗುತ್ತದೆ?

ಬಂದೂಕಿಗೆ ಬ್ಯಾಟರಿ ಕಟ್ಟುವುದು ಮಲೆನಾಡಿನ ಶಿಕಾರಿಯವರ ಹಳೇ ರೂಢಿ. ಬೆಳಕು ಬಿಟ್ಟರೆ ಪ್ರಾಣಿಯ ಕಣ್ಣು ಹೊಳೆಯುತ್ತದೆ, ಹೊಳೆದ ಕಡೆ ಹೊಡೆಯುವುದು. ಪರದೇಶದ ಪೊಲೀಸರು, ಸಿಪಾಯಿಗಳು ಬಳಸುವುದು ಇದರದೇ ಸುಧಾರಿಸಿದ ಮಾದರಿ.

ಲಾಭ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎರಡೂ ಕೈ ಬಂದೂಕಿನ ಮೇಲೆ ಇರುತ್ತವೆ. ನೋಟ, ಬೆಳಕು, ನಳಿಗೆ ಮೂರೂ ಒಂದೇ ಕಡೆ ಇರುತ್ತವೆ. ದಿನಾ ಅಭ್ಯಾಸ ಮಾಡುವ ಸಿಪಾಯಿಗೆ ಅದು ಅನುಕೂಲ.

ಆದರೆ ಆ ಅನುಕೂಲವೇ ಮನೆಯವರಿಗೆ ಕುತ್ತು. ಯಾಕೆ? ಬ್ಯಾಟರಿ ಮೂತಿಗೆ ಇದ್ದರೆ ಏನನ್ನು ನೋಡಬೇಕಾದರೂ ಮೊದಲು ಬಂದೂಕನ್ನು ಅತ್ತ ತಿರುಗಿಸಬೇಕು. ನೋಡುವುದೂ ಗುರಿ ಇಡುವುದೂ ಒಂದೇ ಆಗಿಬಿಡುತ್ತದೆ. ಸಪ್ಪಳ ಮಾಡಿದ್ದು ಮಗನೋ ಎಂದು ನೋಡಲು ಮಗನ ಎದೆಗೇ ನಳಿಗೆ ಹಿಡಿಯಬೇಕು! ತುಂಬಿದ ಬಂದೂಕು, ಕತ್ತಲು, ಗಾಬರಿ, ನಡುಗುವ ಬೆರಳು. ಮುಂದಿನದು ಹೇಳಬೇಕಿಲ್ಲ.

ಎರಡನೆಯದು, ಬೆರಳಿನ ಗೊಂದಲ. ಒಂದು ಬೆರಳು ಬ್ಯಾಟರಿ ಗುಂಡಿಗೆ, ಒಂದು ಬೆರಳು ಬಂದೂಕಿನ ಕುದುರೆಗೆ. ಗಾಬರಿಯಲ್ಲಿ ಒಂದು ಕೈ ಬಿಗಿ ಹಿಡಿದರೆ ಇನ್ನೊಂದು ಕೈಯೂ ತಾನೇ ಬಿಗಿಯುತ್ತದೆ. ತರಬೇತಿ ಆದವರೂ ಇದರಲ್ಲಿ ಎಡವಿದ್ದಾರೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ಲಾನೋ ಊರಿನಲ್ಲಿ 2010ರಲ್ಲಿ ಒಬ್ಬ ಪೊಲೀಸನು ಪಿಸ್ತೂಲಿಗೆ ಕೂಡಿಸಿದ ದೀಪ ಹಚ್ಚಲು ಹೋಗಿ ಗುಂಡನ್ನೇ ಹಾರಿಸಿದ. ಎದುರಿದ್ದವನು ಸತ್ತ. ಪಗಾರ ತೆಗೆದುಕೊಂಡು ಅದೇ ಕೆಲಸ ಮಾಡುವವನ ಕಥೆ ಇದಾದರೆ, ವರ್ಷಕ್ಕೊಮ್ಮೆ ಮಹಾನವಮಿಗೆ ಬಂದೂಕು ಒರೆಸಿ ಪೂಜೆ ಮಾಡುವವರ ಪಾಡೇನು?

ಮೂರನೆಯದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದ ಬ್ಯಾಟರಿ. 12 ಬೋರಿನ ಒದೆತಕ್ಕೆ ಕಟ್ಟು ಸಡಿಲಾಗುತ್ತದೆ, ಸೆಲ್ಲು ಅಲ್ಲಾಡುತ್ತದೆ, ಬೆಳಕು ಒಂದು ಕಡೆ ನಳಿಗೆ ಒಂದು ಕಡೆ ಆಗುತ್ತದೆ. ಮದ್ದು ತುಂಬುವ ಬಂದೂಕಾದರೆ ಬೆಂಕಿ, ಹೊಗೆ ಬೇರೆ. ಮೊದಲ ಏಟಿನ ಮಿಂಚಿಗೇ ಹೊಡೆದವನ ಕಣ್ಣು ಕತ್ತಲಾಗುತ್ತದೆ. ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು.

ನಾಲ್ಕನೆಯದನ್ನು ಬಹಳ ಜನ ಯೋಚಿಸುವುದಿಲ್ಲ. ಕಣ್ಣಿಗೆ ದಿಢೀರನೆ ಬೆಳಕು ಬಿದ್ದವನು ಏನು ಮಾಡುತ್ತಾನೆ? ಕೈ ಎತ್ತಿ ಕಣ್ಣಿಗೆ ಮರೆ ಮಾಡುತ್ತಾನೆ. ನೀವೂ ಮಾಡುತ್ತೀರಿ. ಗಾಬರಿಯಲ್ಲಿ ಬಂದೂಕು ಹಿಡಿದವನಿಗೆ ಆ ಎತ್ತಿದ ಕೈ ಹೊಡೆಯಲು ಎತ್ತಿದ ಕೈಯಂತೆ ಕಾಣುತ್ತದೆ. ಅವನ ಕೈಯಲ್ಲಿನ ಮೊಬೈಲು ಪಿಸ್ತೂಲಾಗಿ ಕಾಣುತ್ತದೆ. ಹಗ್ಗ ಹಾವಾಗಿ ಕಾಣುವುದು ಪೂರ್ತಿ ಕತ್ತಲಲ್ಲಿ ಅಲ್ಲ, ಅರೆಬರೆ ಬೆಳಕಿನಲ್ಲಿ.

ಕೈಯಲ್ಲಿ ಇದ್ದರೆ?

ಬ್ಯಾಟರಿ ಬೇರೆ, ಬಂದೂಕು ಬೇರೆ ಇದ್ದರೆ ಬಂದೂಕು ತಿರುಗಿಸದೆ ನೋಡಬಹುದು. ದೊಡ್ಡ ಲಾಭ ಇದೇ. ಮೂತಿ ನೆಲ ನೋಡುತ್ತಿರಲಿ, ಬೆಳಕು ಮಾತ್ರ ಹಿತ್ತಲು ನೋಡಲಿ. ಎದುರಿದ್ದವರ ಮುಖಕ್ಕೇ ಬೆಳಕು ಬಿಡಬೇಕೆಂದೂ ಇಲ್ಲ. ಕಾಲ ಬುಡದ ನೆಲಕ್ಕೆ ಬಿಟ್ಟರೂ ಸಾಕು, ಅದರ ಹೊಳಪಿಗೇ ಮನುಷ್ಯ ಗುರುತು ಸಿಗುತ್ತಾನೆ.

ಅಮೆರಿಕದ ಪೊಲೀಸರಿಗೆ ಕಲಿಸುವ ಒಂದು ಹಳೇ ಪದ್ಧತಿ ಉಂಟು. ಬ್ಯಾಟರಿ ಹಿಡಿದ ಕೈಯನ್ನು ಮೈಯಿಂದ ದೂರ, ಪಕ್ಕಕ್ಕೆ ಚಾಚಿ ಹಿಡಿಯುವುದು. ಎದುರಿನವನು ಬೆಳಕಿಗೆ ಗುರಿ ಇಟ್ಟರೂ ಮೈಗೆ ತಾಗಬಾರದು ಎಂಬ ಲೆಕ್ಕ. ಇನ್ನೊಂದು ಪದ್ಧತಿಯಲ್ಲಿ ಎರಡು ಮುಂಗೈಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಒಂದರಲ್ಲಿ ಬ್ಯಾಟರಿ, ಒಂದರಲ್ಲಿ ಪಿಸ್ತೂಲು ಹಿಡಿಯುವುದು. ಆದರೆ ಇವೆಲ್ಲ ಒಂದೇ ಕೈಯಲ್ಲಿ ಹಿಡಿಯುವ ಪಿಸ್ತೂಲಿನ ಮಾತು. ನಮ್ಮ ಕಡೆಯ ಜೋಡು ನಳಿಗೆ ಬಂದೂಕಿಗೆ ಎರಡೂ ಕೈ ಬೇಕು. ಎಡಗೈಯಲ್ಲಿ ಬ್ಯಾಟರಿ ಹಿಡಿದು ಅದೇ ಕೈಯಿಂದ ಬಂದೂಕಿನ ಹೊಟ್ಟೆ ಹಿಡಿಯುವ ಸರ್ಕಸ್ಸು ನಡೆಯುವುದಿಲ್ಲ. ಬ್ಯಾಟರಿಯೂ ಜಾರುತ್ತದೆ, ಬಂದೂಕೂ ಜಾರುತ್ತದೆ.

ಹಾಗಾದರೆ ದಾರಿ? ಸಾದಾ ದಾರಿ. ಒಂದು ಹೊತ್ತಿಗೆ ಒಂದೇ ಕೆಲಸ. ನೋಡುವಾಗ ಬ್ಯಾಟರಿ. ನೋಡಿ, ಕೂಗಿ, ಉತ್ತರ ಕೇಳಿ, ಯಾರು ಎಂದು ಖಾತ್ರಿ ಆಗುವ ತನಕ ಬಂದೂಕಿಗೆ ಕೆಲಸವಿಲ್ಲ. 'ಯಾರು ಅದು?' ಎಂಬ ಒಂದು ಕೂಗು ಎಷ್ಟು ದೊಡ್ಡ ಬ್ಯಾಟರಿಗಿಂತಲೂ ಹೆಚ್ಚು ಬೆಳಕು ಕೊಡುತ್ತದೆ. ಮಗನಾದರೆ 'ನಾನs ಯಪ್ಪಾ' ಎನ್ನುತ್ತಾನೆ. ಕಳ್ಳನಾದರೆ ಓಡುತ್ತಾನೆ. ಓಡಿ ಹೋದ ಕಳ್ಳ ಸಿಗದಿದ್ದರೂ ಚಿಂತೆಯಿಲ್ಲ, ಮನೆ ಉಳಿಯಿತಲ್ಲ.

ಬೆಳಕಿಗೂ ಒಂದು ಎಚ್ಚರ ಬೇಕು. ಮನೆಯೊಳಗೆ ಸುಣ್ಣದ ಗೋಡೆಗೋ ಟ್ರೆಜರಿಯ ಕನ್ನಡಿಗೋ ಬಿದ್ದ ಬೆಳಕು ಬಿಟ್ಟವನ ಕಣ್ಣಿಗೇ ಮರಳಿ ಹೊಡೆಯುತ್ತದೆ. ಬ್ಯಾಟರಿ ಹಚ್ಚಿದವನು ಎಲ್ಲಿದ್ದಾನೆ ಎಂಬುದೂ ಎದುರಿನವನಿಗೆ ಗೊತ್ತಾಗುತ್ತದೆ. ಅದಕ್ಕೇ ಗೊತ್ತಿದ್ದವರು ಹೇಳುವುದು: ಬ್ಯಾಟರಿ ಹಿಡಿದು ಹುಡುಕಿಕೊಂಡು ಹೋಗಬ್ಯಾಡ್ರಿ. ಒಳಗೇ ಇರ್ರಿ, ಬಾಗಿಲು ಹಾಕ್ರಿ, ಹೊರಗಿನ ಬಲ್ಬು ಹಚ್ರಿ.

ಹಚ್ಚದೆ ಉಳಿದ ಒಂದು ದೀಪ

ಕತ್ತಲಲ್ಲಿ ಯಾರೆಂದು ನೋಡದೆ ಹೊಡೆದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೆಲ್ಲ ಬಲ್ಲ ಸಾಕ್ಷಿ ದಕ್ಷಿಣ ಆಫ್ರಿಕಾದಲ್ಲಿದೆ. ಆಸ್ಕರ್ ಪಿಸ್ಟೋರಿಯಸ್ ಎರಡೂ ಕಾಲಿಲ್ಲದೆ, ಕೃತಕ ಕಾಲಿನ ಮೇಲೆ ಒಲಿಂಪಿಕ್ಸ್‌ನಲ್ಲಿ ಓಡಿದ ಓಟಗಾರ. 2013ರ ಫೆಬ್ರುವರಿ 14ರ ನಸುಕಿನಲ್ಲಿ ಪ್ರಿಟೋರಿಯಾದ ತನ್ನ ಮನೆಯಲ್ಲಿ, ಮುಚ್ಚಿದ ಶೌಚಾಲಯದ ಬಾಗಿಲಿಗೆ ನಾಲ್ಕು ಗುಂಡು ಹಾರಿಸಿದ. ಒಳಗಿದ್ದವಳು ಅವನ ಗೆಳತಿ ರೀವಾ ಸ್ಟೀನ್‌ಕ್ಯಾಂಪ್. ಸತ್ತಳು.

'ಕಳ್ಳ ಹೊಕ್ಕಿದ್ದಾನೆಂದು ತಿಳಿದೆ, ಕತ್ತಲಿತ್ತು' ಎಂಬುದು ಅವನ ವಾದ. ಮೊದಲು ನಿರ್ಲಕ್ಷ್ಯದ ಸಾವು ಎಂದ ಪ್ರಕರಣ ಮೇಲಿನ ಕೋರ್ಟಿನಲ್ಲಿ 2015ರಲ್ಲಿ ಕೊಲೆ ಎಂದೇ ತೀರ್ಮಾನವಾಯಿತು. ಬಾಗಿಲ ಹಿಂದೆ ಯಾರೇ ಇದ್ದರೂ ಗುಂಡು ಬಿದ್ದರೆ ಸಾಯುತ್ತಾರೆಂದು ಗೊತ್ತಿದ್ದೂ ಹೊಡೆದೆಯಲ್ಲ ಎಂಬುದು ಅಲ್ಲಿಯ ನ್ಯಾಯಮೂರ್ತಿಗಳ ಲೆಕ್ಕ. 2017ರಲ್ಲಿ ಶಿಕ್ಷೆ 13 ವರ್ಷ 5 ತಿಂಗಳಿಗೆ ಏರಿತು. 2024ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ.

ಹಣ, ಹೆಸರು, ದೊಡ್ಡ ವಕೀಲರು ಎಲ್ಲ ಇದ್ದವನ ಗತಿ ಇದು. ಬಾಗಿಲ ಬಳಿ ನಿಂತು 'ಒಳಗೆ ಯಾರು?' ಎಂದು ಕೇಳಿ ಉತ್ತರಕ್ಕೆ ಕಾದಿದ್ದರೆ, ಒಂದು ದೀಪ ಹಚ್ಚಿ ಹಾಸಿಗೆ ಖಾಲಿ ಇದೆಯೇ ಎಂದು ನೋಡಿದ್ದರೆ ಅಷ್ಟೂ ತಪ್ಪುತ್ತಿತ್ತು.

ನಮ್ಮ ರಾಜ್ಯದಲ್ಲೂ ಪಾಠಕ್ಕೆ ಕಡಿಮೆಯಿಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ರಾತ್ರಿ ಹಂದಿಗೆಂದು ಹಾರಿಸಿದ ಗುಂಡು ಜೊತೆಗೆ ಬಂದವನಿಗೇ ತಾಗಿ ಸತ್ತ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಪೊದೆ ಅಲ್ಲಾಡಿತು, ಹೊಡೆದರು. ಅಲ್ಲಾಡಿಸಿದ್ದು ಗೆಳೆಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗುಂಡು ಹಾರಿದರೂ ಅಷ್ಟೇ.

ಕಾಯಿದೆ ಏನನ್ನುತ್ತದೆ?

'ನಮ್ಮ ಮನಿಗೆ ನುಗ್ಗಿದವನನ್ನ ನಾವು ಹೊಡೀಬಾರ್ದೇನು?' ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುತ್ತಾರೆ. ಹಕ್ಕು ಐತಿ. ಭಾರತೀಯ ದಂಡ ಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಕಲಮುಗಳಾಗಿ ಕೂತಿದೆ. ದರೋಡೆ, ಸೂರ್ಯ ಮುಳುಗಿದ ಮೇಲೆ ಮೂಡುವುದರೊಳಗೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಜೀವಕ್ಕೆ ಕುತ್ತು ಬರುವಂಥ ಕಳ್ಳತನ ಇಂಥವು ಎದುರಾದಾಗ ಆ ಹಕ್ಕು ಪ್ರಾಣ ತೆಗೆಯುವ ಮಟ್ಟದವರೆಗೂ ಹೋಗಬಹುದು.

ಆದರೆ ಅದೇ ಕಾಯಿದೆ ಕಡಿವಾಣವನ್ನೂ ಹಾಕಿದೆ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಆ ಹಕ್ಕು ಇಲ್ಲ. ಸುಪ್ರೀಂ ಕೋರ್ಟು 2010ರಲ್ಲಿ ದರ್ಶನ್ ಸಿಂಗ್ ಮತ್ತು ಪಂಜಾಬ್ ಸರಕಾರದ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಎದುರಿಗೆ ಕುತ್ತು ಬಂದಾಗ ಹೇಡಿಯಂತೆ ಓಡಲೇಬೇಕು ಎಂದಿಲ್ಲ. ಆದರೆ ಸೇಡು ತೀರಿಸಿಕೊಳ್ಳಲು ಈ ಹಕ್ಕು ಅಲ್ಲ. ಬೆನ್ನು ತಿರುಗಿಸಿ ಗೋಡೆ ಹಾರಿ ಓಡುವವನಿಗೆ ಹಿಂದಿನಿಂದ ಹೊಡೆದರೆ ಅದು ರಕ್ಷಣೆ ಎಂದು ಸಾಧಿಸುವುದು ಬಹಳ ಕಷ್ಟ.

ಇಲ್ಲೇ ಬೆಳಕಿನ ಮಾತು ಮತ್ತೆ ಬರುತ್ತದೆ. ಆತ್ಮರಕ್ಷಣೆಗೆ ಹೊಡೆದೆ ಎಂದರೆ ಅದನ್ನು ತೋರಿಸಿಕೊಡುವ ಭಾರ ಹೊಡೆದವನ ಮೇಲೆ. ಕೋರ್ಟು ಕೇಳುತ್ತದೆ: ಅವನ ಕೈಯಲ್ಲಿ ಏನಿತ್ತು? ಎಷ್ಟು ದೂರ ಇದ್ದ? ನಿನ್ನ ಕಡೆ ಬರುತ್ತಿದ್ದನೋ, ಓಡುತ್ತಿದ್ದನೋ? 'ಕತ್ತಲಿತ್ತು ಸಾಹೇಬ್ರ, ಏನೂ ಕಾಣಲಿಲ್ಲ' ಎಂದರೆ ತನ್ನ ವಾದವನ್ನು ತಾನೇ ಕೊಡಲಿಯಿಂದ ಕಡಿದಂತೆ. ಕಾಣದಿದ್ದರೆ ಹೊಡೆದದ್ದು ಯಾರಿಗೆ?

ನಿರ್ಲಕ್ಷ್ಯದಿಂದ ಸಾವಾದರೆ ಹೊಸ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಯಾರಿಗೂ ತಾಗದಿದ್ದರೂ, ಜೀವಕ್ಕೆ ಅಪಾಯ ಆಗುವಂತೆ ಬೇಕಾಬಿಟ್ಟಿ ಗುಂಡು ಹಾರಿಸಿದರೆ ಆಯುಧ ಕಾಯಿದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮದುವೆ ಮೆರವಣಿಗೆಯ ಖುಷಿಗೆ ಹಾರಿಸುವವರಿಗೂ ಇದೇ ಮಾತು.

ಹೊಲದ ಮಾತು ಇನ್ನೂ ಬಿಗಿ. ಬೆಳೆ ರಕ್ಷಣೆಯ ಲೈಸೆನ್ಸು ಎಂದರೆ ಶಿಕಾರಿಯ ಲೈಸೆನ್ಸು ಅಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯಲ್ಲಿ ಬೇಟೆಗೆ ನಿಷೇಧ ಇದೆ. ಬೆಳೆಗೆ ಹಾವಳಿ ಮಾಡುವ ಪ್ರಾಣಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಬೇಕು. ಜೀವ ಉಳಿಸಿಕೊಳ್ಳಲು ಅನಿವಾರ್ಯವಾಗಿ ಹೊಡೆದರೆ ಅದು ಬೇರೆ ಮಾತು, ಕಾಯಿದೆ ಅದನ್ನು ಅಪರಾಧ ಎನ್ನುವುದಿಲ್ಲ. ಆದರೆ ಬ್ಯಾಟರಿ ಕಟ್ಟಿದ ಬಂದೂಕು ಹಿಡಿದು ಕಾಡಂಚಿನಲ್ಲಿ ರಾತ್ರಿ ಸಿಕ್ಕಿಬಿದ್ದರೆ 'ಹೊಲ ಕಾಯಾಕ ಹೊಂಟಿದ್ದೆ' ಎಂಬ ಮಾತನ್ನು ಯಾವ ಫಾರೆಸ್ಟರೂ ಸುಮ್ಮನೆ ನಂಬುವುದಿಲ್ಲ. ಬೆಳೆ ಹೋದರೆ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಕೊಡಬಹುದು. ಹೋದ ಜೀವಕ್ಕೆ ಯಾವ ಅರ್ಜಿಯೂ ಇಲ್ಲ.

ಬಂದೂಕು ಠಾಣೆಯಲ್ಲಿದ್ದಾಗ ಮನೆ ಕಾದವರಾರು?

ಒಂದು ಸಂಗತಿ ಯೋಚಿಸುವಂತಿದೆ. ಚುನಾವಣೆ ಬಂದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಆದೇಶ ಬರುವುದು ವಾಡಿಕೆ. ಶಿಗ್ಗಾಂವಿ ಕ್ಷೇತ್ರದ ಶಿಗ್ಗಾಂವಿ, ಸವಣೂರು ತಾಲೂಕಿನವರು 2023ರ ಮೇ 10ಕ್ಕೆ ವಿಧಾನಸಭೆ, 2024ರ ಮೇ 7ಕ್ಕೆ ಲೋಕಸಭೆ, 2024ರ ನವೆಂಬರ್ 13ಕ್ಕೆ ಉಪಚುನಾವಣೆ ಎಂದು ಒಂದೂವರೆ ವರ್ಷದಲ್ಲಿ ಮೂರು ಚುನಾವಣೆ ಕಂಡರು. ಇಂಥ ದಿನಗಳಲ್ಲಿ ಬಂದೂಕು ಠಾಣೆಯ ಕಪಾಟಿನಲ್ಲಿದ್ದಾಗ ಮನೆ ಕಾಯುವುದು ಯಾವುದು? ಬಾಗಿಲ ಚಿಲಕ, ಅಂಗಳದ ಬಲ್ಬು, ಓಣಿಯ ನಾಯಿ, ಬಾಜೂ ಮನೆಯವರ ಕೂಗು. ನಿಜ ಹೇಳಬೇಕೆಂದರೆ ಉಳಿದ ದಿನಗಳಲ್ಲೂ ಮನೆ ಕಾಯುವುದು ಅವೇ.

ಮಾಡಬೇಕಾದ್ದು ಇಷ್ಟು

ಬಂದೂಕು ಇರಲಿ, ಇಲ್ಲದಿರಲಿ, ಇವನ್ನು ಪ್ರತಿ ಮನೆಯವರೂ ಮಾಡಬಹುದು. ಖರ್ಚೂ ಹೆಚ್ಚಿಲ್ಲ.

ಹಿತ್ತಲಿಗೊಂದು, ಅಂಗಳಕ್ಕೊಂದು ಬಲ್ಬು ಹಾಕಿಸಿ ಅದರ ಸ್ವಿಚ್ಚು ಮಲಗುವ ಕೋಣೆಯಲ್ಲೇ ಇರುವಂತೆ ಮಾಡಿಸಬೇಕು. ಹೊರಗೆ ಹೋಗದೆ ಹೊರಗಿನ ಬೆಳಕು ಹಚ್ಚುವಂತಿರಬೇಕು. ಕರೆಂಟು ಹೋದಾಗ ಉರಿಯುವ ಬ್ಯಾಟರಿ ದಿಂಬಿನ ಬದಿಗಿರಲಿ, ವಾರಕ್ಕೊಮ್ಮೆ ಹಚ್ಚಿ ನೋಡಿರಿ.

ಸಪ್ಪಳ ಕೇಳಿದರೆ ಮೊದಲ ಕೆಲಸ ಮನೆಯ ಮಂದಿಯ ಎಣಿಕೆ. ಎಲ್ಲರೂ ಹಾಸಿಗೆಯಲ್ಲಿ ಇದ್ದಾರೋ? ಊರಿಗೆ ಹೋದವರು ಬರುವುದಿತ್ತೋ? ಎರಡನೆಯದು ಕೂಗು. ಮೂರನೆಯದು 112ಕ್ಕೆ ಫೋನು. ಪೊಲೀಸು, ಅಗ್ನಿಶಾಮಕ, ಅಂಬುಲೆನ್ಸು ಎಲ್ಲಕ್ಕೂ ಒಂದೇ ನಂಬರು. ಬಾಜೂ ಮನೆಯವರ ನಂಬರೂ ಫೋನಿನಲ್ಲಿ ಮೊದಲೇ ಇರಲಿ. ತಡವಾಗಿ ಬರುವವರು ಬಸ್ ಇಳಿದ ಕೂಡಲೇ ಮನೆಗೆ ಒಂದು ಫೋನು ಮಾಡಬೇಕು. ಹಿತ್ತಲಿನಿಂದ ಹಾರಿ ಬರುವ ಚಟ ಬಿಡಬೇಕು.

ಅಂಗಡಿಕಾರರಿಗೆ ಇನ್ನೊಂದು ಮಾತು. ದಿನದ ವ್ಯಾಪಾರದ ರೊಕ್ಕ ಮನೆಯಲ್ಲಿ ರಾತ್ರಿ ಕೂಡಿಡದಿದ್ದರೆ ಕಾಯುವ ಚಿಂತೆ ಅರ್ಧ ಕಡಿಮೆ. ಷಟರಿನ ಮುಂದೆ ರಾತ್ರಿಯಿಡೀ ಒಂದು ದೀಪ ಉರಿಯಲಿ. ಕಳ್ಳನಿಗೆ ಬಂದೂಕು ಕಾಣುವುದಿಲ್ಲ, ಬೆಳಕು ಕಾಣುತ್ತದೆ.

ಬಂದೂಕು ಇದ್ದವರು ಜಗತ್ತಿನ ಎಲ್ಲ ಕಡೆ ಕಲಿಸುವ ನಾಲ್ಕು ಮಾತು ಬಾಯಿಪಾಠ ಮಾಡಬೇಕು. ಒಂದು, ಪ್ರತಿ ಬಂದೂಕೂ ತುಂಬಿದ್ದೇ ಎಂದು ತಿಳಿ. ಎರಡು, ಕೊಲ್ಲಲು ಮನಸ್ಸಿಲ್ಲದ ಯಾವುದರ ಕಡೆಗೂ ಮೂತಿ ತಿರುಗಿಸಬೇಡ. ಮೂರು, ಗುರಿ ಖಾತ್ರಿ ಆಗುವ ತನಕ ಕುದುರೆಯ ಮೇಲೆ ಬೆರಳು ಇಡಬೇಡ. ನಾಲ್ಕು, ಎದುರಿಗಿರುವುದು ಯಾರು, ಅವರ ಹಿಂದೆ ಇರುವುದು ಏನು ಎಂದು ತಿಳಿದುಕೋ. ಮೂತಿಗೆ ಕಟ್ಟಿ ನೋಡುವ ಬ್ಯಾಟರಿ ಎರಡನೆಯ ಮಾತನ್ನು ಹಚ್ಚಿದ ಕೂಡಲೇ ಮುರಿಯುತ್ತದೆ. ನಾಲ್ಕನೆಯ ಮಾತನ್ನು ಬೆಳಕಿಲ್ಲದೆ ಪಾಲಿಸಲು ಬರುವುದೇ ಇಲ್ಲ. ಇವೆರಡನ್ನೂ ಕೂಡಿಸಿ ಪಾಲಿಸುವ ದಾರಿ ಎಂದರೆ ಕೈಯಲ್ಲಿನ ಬ್ಯಾಟರಿ ಮತ್ತು ಗೋಡೆಯ ಸ್ವಿಚ್ಚು.

ಬಂದೂಕು ಬೀಗದಲ್ಲಿರಲಿ, ಕಾಡತೂಸು ಬೇರೆ ಬೀಗದಲ್ಲಿರಲಿ. ಮಕ್ಕಳ ಕೈಗೆ ಎರಡೂ ಸಿಗಬಾರದು. ಬಂದೂಕಿಗೆ ಏನನ್ನೇ ಜೋಡಿಸುವ ಮುಂಚೆ ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ನಳಿಗೆ ಕೊಯ್ದು ಗ಼ಿಡ್ಡ ಮಾಡುವುದಂತೂ ಅನುಮತಿಯಿಲ್ಲದೆ ಮಾಡಿದರೆ ಅಪರಾಧ.

ಅಧಿಕಾರಿಗಳು ಗಮನಿಸುವರೇ?

ಮನೆಯವರು ಮಾಡುವುದು ಮಾಡಲಿ. ಸರಕಾರದವರು ಮಾಡಬೇಕಾದದ್ದೂ ಉಂಟು. ನಿಯಮದಲ್ಲಿ ಬರೆದಿರುವ ಸುರಕ್ಷತಾ ತರಬೇತಿಯನ್ನು ಲೈಸೆನ್ಸ್ ನವೀಕರಣಕ್ಕೆ ಬಂದ ಹಳಬರಿಗೂ ತಾಲೂಕಿಗೊಂದು ದಿನ ಕೂಡಿಸಿ ಕೊಡಲಿ. ಕತ್ತಲಲ್ಲಿ ಗುರುತು ಹಿಡಿಯುವುದು ಹೇಗೆ, ಕಾಯಿದೆ ಎಲ್ಲಿಯ ತನಕ ಕಾಯುತ್ತದೆ ಎಂಬುದನ್ನು ಠಾಣೆಯ ಸಾಹೇಬರೇ ಕನ್ನಡದಲ್ಲಿ ಬಿಡಿಸಿ ಹೇಳಲಿ. ಹೆಸ್ಕಾಂನವರು ಪಂಪ್‌ಸೆಟ್ಟಿನ ಕರೆಂಟನ್ನು ಹಗಲು ಹೊತ್ತು ಕೊಟ್ಟರೆ ರಾತ್ರಿ ಬದುವಿನ ಮೇಲೆ ನಡೆಯುವ ಮಂದಿಯೇ ಕಡಿಮೆಯಾಗುತ್ತಾರೆ. ಪಂಚಾಯಿತಿ, ಪುರಸಭೆಗಳು ಬಸ್ ಸ್ಟ್ಯಾಂಡಿನಿಂದ ಓಣಿಯವರೆಗೆ ಕಂಬದ ದೀಪ ಕೆಡದಂತೆ ನೋಡಿಕೊಂಡರೆ ಅರ್ಧ ಭಯ ಅಲ್ಲೇ ಕರಗುತ್ತದೆ.

ಒಂದು ಬಂದೂಕಿನ ದುಡ್ಡಿಗೆ ಒಂದು ಇಡೀ ಓಣಿಗೆ ದೀಪ ಹಾಕಿಸಬಹುದು. ಆ ದೀಪದ ಕೆಳಗೆ ಬಂದವನು ಕಳ್ಳನೋ, ಕಡೇ ಬಸ್ಸಿಗೆ ಇಳಿದ ಮಗನೋ ಎಂದು ಗುಂಡು ಖರ್ಚಿಲ್ಲದೆ ತಿಳಿಯುತ್ತದೆ.